ಬೆಳಿಗ್ಗೆ ಮಾತ್ರ ಓಡೋ ಗಡಿಯಾರ

ನಮ್ಮನೆ ಬೆಡ್‌ರೂಮ್ ಸೀಲಿಂಗಲ್ಲಿ ಈಗೊಂದು ಗಡಿಯಾರ ಇದೆ. ಮುಳ್ಳಿಲ್ಲ, ಸೆಲ್ಲಿಲ್ಲ, ಟಿಕ್ ಟಿಕ್ ಇಲ್ಲ. ಕಿಟಕಿ ಕಟ್ಟೆ ಮೇಲೆ ಕಿರುಬೆರಳ ಉಗುರಿನಷ್ಟು ಕನ್ನಡಿ, ಸೀಲಿಂಗಲ್ಲಿ ಹಸಿರು ಮತ್ತು ಕೆಂಪು ದಾರ, ಇಷ್ಟೇ. ಬಿಸಿಲು ಕನ್ನಡಿಗೆ ಬಡಿದು ಮೇಲಕ್ಕೆ ಹಾರಿ ಸೀಲಿಂಗಲ್ಲಿ ಒಂದು ಚುಕ್ಕೆ ಆಗುತ್ತೆ, ಆ ಚುಕ್ಕೆ ಯಾವ ದಾರದ ಮೇಲೆ ಕೂತಿದ್ಯೋ ಅದೇ ಟೈಮು. ಬೆಳಿಗ್ಗೆ ಎಂಟರ ಹೊತ್ತಿಗೆ ಶುರು ಆಗಿ ಹತ್ತೂವರೆ ದಾಟ್ತಿದ್ದಂಗೆ ನಿಂತೋಗುತ್ತೆ, ಆಮೇಲೆ ಮಾರನೇ ದಿನ ಬೆಳಿಗ್ಗೇನೇ. ನೋಡಿದೋರೆಲ್ಲ ಮೊದಲು ಕೇಳೋದು "ಎರಡೂವರೆ ಗಂಟೆ ಓಡೋ ಗಡಿಯಾರ ಯಾಕಪ್ಪಾ ಬೇಕು" ಅಂತ. ನನ್ನ ಪ್ರಕಾರ ಇದರ ಡಿಸೈನ್ ಅಂದ್ರೇನೇ ಅದು. ಇಪ್ಪತ್ನಾಲ್ಕು ಗಂಟೆ ತೋರ್ಸೋಕೆ ಮೊಬೈಲ್ ಇದೆ, ಬೆಳಕಲ್ಲಿ ಗಡಿಯಾರ ಮಾಡೋಕೆ ಹೊರಟ್ರೆ ನಿಮ್ಮನೆ ಕಿಟಕಿ ಯಾವ ಹೊತ್ತು ಕೊಡುತ್ತೋ ಅದನ್ನ ತಗೋಬೇಕು, ಉಳಿದಿದ್ದು ಬಿಡ್ಬೇಕು.

ಬೆಳಕಿನ ಗಡಿಯಾರ ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ತೊಂಬತ್ತು ಪಾಲು ಎಲ್‌ಇಡಿ ಪಟ್ಟಿ ಅಂಟಿಸಿ ಒಂದು ಅರ್ಡುಯಿನೋ (ಪ್ರೋಗ್ರಾಂ ಹಾಕೋ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡ್) ಹಾಕಿರೋವೇ ಸಿಗೋದು. ನೋಡೋಕೆ ಚೆನ್ನಾಗಿರ್ತವೆ, ಆದ್ರೆ ಅದರಲ್ಲಿ ಬೆಳಕು ಬರೀ ಬೋರ್ಡ್ ಬರೆಯೋ ಬಣ್ಣ ಅಷ್ಟೇ, ಟೈಮ್ ಹೇಳೋದು ಒಳಗಿರೋ ಕ್ವಾರ್ಟ್ಜ್ ಹರಳು. ನನಗೆ ಬೆಳಕೇ ಲೆಕ್ಕ ಇಡ್ಬೇಕಿತ್ತು. ಇನ್ನೊಂದು ಸಖತ್ ಐಡಿಯಾ ಡಿಜಿಟಲ್ ನೆರಳು ಗಡಿಯಾರ, 1990ರ ದಶಕದಲ್ಲೇ ಜರ್ಮನಿಯವರು ಪೇಟೆಂಟ್ ತಗೊಂಡಿದ್ರು, ಈಗ ಥ್ರೀಡಿ ಪ್ರಿಂಟರಲ್ಲೂ ಮಾಡ್ಕೋಬಹುದು. ಒಳಗೆ ಲೆಕ್ಕ ಹಾಕಿ ಕೊರೆದ ತೂತುಗಳಿರೋ ಒಂದು ತುಂಡು, ಬಿಸಿಲು ಅದರಲ್ಲಿ ತೂರಿ ನೆರಳಿನ ನಡುವೆ ಅಂಕಿ ಅಂಕಿಯಾಗೇ ಬೀಳುತ್ತೆ, ಹತ್ತರಿಂದ ನಾಲ್ಕರವರೆಗೆ ಇಪ್ಪತ್ತಿಪ್ಪತ್ತು ನಿಮಿಷಕ್ಕೆ ಅಂಕಿ ಬದಲಾಗುತ್ತೆ. ಮೊದಲ ಸಲ ನೋಡಿದಾಗ ತಲೆ ತಿರುಗಿತ್ತು. ಆದ್ರೆ ಅದಕ್ಕೆ ದಿನಪೂರ್ತಿ ತೆರೆದ ಬಿಸಿಲು ಬೇಕು, ನಮ್ಮ ಬಿಲ್ಡಿಂಗಲ್ಲಿ ಟೆರೇಸ್ ಬೀಗದ ಕೈ ಓನರ್ ಹತ್ರ. ಬೆಂಗಳೂರಲ್ಲಿ ಬಾಡಿಗೆಗಿರೋರಿಗೆ ಆಕಾಶ ಅಂದ್ರೆ ಕಿಟಕಿಯಷ್ಟೇ.

ಕನ್ನಡಿ ಐಡಿಯಾ ಏನೂ ಹೊಸದಲ್ಲ. ಪೋಲೆಂಡಿನ ಓಲ್‌ಶ್ಟಿನ್ ಕೋಟೆಲಿ ಖಗೋಳ ವಿಜ್ಞಾನಿ ಕೋಪರ್ನಿಕಸ್ 1517ರ ಸುಮಾರಿಗೆ ತನ್ನ ಕೋಣೆ ಹೊರಗಿನ ಗೋಡೆ ಮೇಲೆ ಇದನ್ನೇ ಮಾಡಿದ್ದ, ಕಿಟಕಿ ಹತ್ರ ಕನ್ನಡಿ ಇಟ್ಟು ಗೋಡೆ ಮೇಲೆ ಬೀಳೋ ಬೆಳಕನ್ನ ಗುರುತು ಹಾಕ್ತಾ ಹೋದ, ಅವನಿಗೆ ಬೇಕಿದ್ದಿದ್ದು ವಿಷುವತ್ ದಿನ (ಹಗಲು ರಾತ್ರಿ ಸಮ ಇರೋ ದಿನ) ಯಾವತ್ತು ಬೀಳುತ್ತೆ ಅಂತ. ಆ ಗೋಡೆ ಇವತ್ತಿಗೂ ಇದೆ. ಫ್ರಾನ್ಸಿನ ಗ್ರೆನೋಬಲ್ ಊರಲ್ಲಿ ಜೆಸ್ಯೂಟ್ ಪಾದ್ರಿಗಳ ಹಳೇ ಕಾಲೇಜಿನ ಮೆಟ್ಟಿಲ ಕೋಣೆಯ ಗೋಡೆ ಚಾವಣಿ ತುಂಬಾ 1673ರಲ್ಲಿ ಬರೆದ ಗೆರೆಗಳಿವೆ, ಅದೂ ಕಿಟಕಿ ಕನ್ನಡಿಯಿಂದ ಓಡೋದೇ. ಸೂತ್ರ ಸರಳ. ಮಾಮೂಲಿ ನೆರಳು ಗಡಿಯಾರದಲ್ಲಿ ಕಡ್ಡಿ ತುದಿಯ ನೆರಳು ನೆಲದ ಮೇಲೆ ಓಡುತ್ತೆ. ಆ ಕಡ್ಡಿ ತುದಿ ಇರೋ ಜಾಗದಲ್ಲಿ ಮಲಗಿಸಿದ ಚಿಕ್ಕ ಕನ್ನಡಿ ಇಟ್ರೆ ಇಡೀ ಗಡಿಯಾರ ತಲೆಕೆಳಗಾಗಿ ಸೀಲಿಂಗಿಗೆ ಹೋಗುತ್ತೆ, ನೆರಳಿನ ಬದಲು ಬೆಳಕು ಓಡುತ್ತೆ. ಲೆಕ್ಕ ಎರಡಕ್ಕೂ ಒಂದೇ.

ಈಗ ಕಿಟಕಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅರ್ಧ ಡಿಸೈನ್ ಇಲ್ಲೇ ಇದೆ. ಯುರೋಪಿನವರು ಬರೆದಿರೋದನ್ನ ಓದಿದ್ರೆ ಎಲ್ರೂ ಹೇಳೋದು ದಕ್ಷಿಣದ ಕಿಟಕಿ ತಗೊಳ್ಳಿ ಅಂತ. ಅವರಿಗೆ ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣದಲ್ಲೇ ಇರ್ತಾನೆ, ಅದೂ ಕೆಳಗೆ. ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರ್ 21ಕ್ಕೂ ಮಧ್ಯಾಹ್ನದ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರ್ತಾನೆ, ಮಾರ್ಚ್ 21ಕ್ಕೆ 77 ಡಿಗ್ರಿ, ಏಪ್ರಿಲ್ 24ರ ಆಸುಪಾಸು ನೆತ್ತಿ ಮೇಲೆ (ನೆರಳಿಲ್ಲದ ದಿನ ಅಂತ ಪೇಪರಲ್ಲಿ ಬರುತ್ತಲ್ಲ, ಬಾಟಲಿ ನಿಲ್ಸಿ ಫೋಟೋ ತೆಗೀತಾರಲ್ಲ, ಅದೇ), ಅಲ್ಲಿಂದ ಆಗಸ್ಟ್ 18ರ ತನಕ ಮಧ್ಯಾಹ್ನ ಸೂರ್ಯ ಉತ್ತರಕ್ಕಿರ್ತಾನೆ. ಇದರ ಮೇಲೆ ಸಜ್ಜ ಬೇರೆ. ನಮ್ಮ ಕಿಟಕಿ ಎತ್ತರ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್, ಸಜ್ಜ ಎರಡಡಿ ಹೊರಗೆ ಚಾಚಿದೆ, ಕನ್ನಡಿನ ಕಟ್ಟೆಯ ಹೊರ ಅಂಚಿಗೇ ಇಟ್ರೂ 63 ಡಿಗ್ರಿಗಿಂತ ಮೇಲಿರೋ ಸೂರ್ಯ ಅದಕ್ಕೆ ಕಾಣಲ್ಲ. ಲೆಕ್ಕ ಹಾಕಿ ನೋಡಿದ್ರೆ ಹಾಲ್‌ನ ದಕ್ಷಿಣದ ಕಿಟಕಿಲಿ ಮಧ್ಯಾಹ್ನದ ಚುಕ್ಕೆ ಬೀಳೋದು ನವೆಂಬರ್ ಶುರುವಿಂದ ಫೆಬ್ರವರಿ ಎರಡನೇ ವಾರದವರೆಗೆ ಮಾತ್ರ. ವರ್ಷಕ್ಕೆ ಮೂರು ತಿಂಗಳ ಗಡಿಯಾರ. ಬೇಡ.

ಪೂರ್ವದ ಕಿಟಕಿ ಕಥೆನೇ ಬೇರೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹುಟ್ಟಿದ್ಮೇಲೆ ಹೆಚ್ಚು ಕಮ್ಮಿ ನೆಟ್ಟಗೆ ಮೇಲಕ್ಕೆ ಏರ್ತಾನೆ, ಗಂಟೆಗೆ ಹದಿಮೂರು ಹದಿನಾಲ್ಕು ಡಿಗ್ರಿ, ವರ್ಷದ ಯಾವ ದಿನ ಆದ್ರೂ ಬೆಳಿಗ್ಗೆ ಪೂರ್ವದ ಕಿಟಕಿಗೆ ಬಂದೇ ಬರ್ತಾನೆ. ಎದುರು ಬಿಲ್ಡಿಂಗಿನ ಸಿಂಟೆಕ್ಸ್ ಟ್ಯಾಂಕ್ ದಾಟಿ ಬರೋಷ್ಟ್ರಲ್ಲಿ ಜನವರಿಲಿ ಎಂಟು ಗಂಟೆ, ಜೂನಲ್ಲಿ ಏಳು (ಆಗಿನ್ನೂ ಚುಕ್ಕೆ ಎದುರು ಗೋಡೆ ಮೇಲೆ, ಸೀಲಿಂಗಿಗೆ ಬರೋದು ಎಂಟರ ಮೇಲೆ). ಹತ್ತೂವರೆ ಆದ್ಮೇಲೆ ಸಜ್ಜ ಅಡ್ಡ. ಈ ಟ್ಯಾಂಕಿಗೂ ಸಜ್ಜಕ್ಕೂ ಮಧ್ಯೆ ಇರೋದೇ ನನ್ನ ಗಡಿಯಾರ. ಯೋಚನೆ ಮಾಡಿದ್ರೆ ಟೈಮ್ ನೋಡ್ಬೇಕಾಗಿರೋದೂ ಅದೇ ಹೊತ್ತಲ್ಲಿ ತಾನೇ, ಸ್ನಾನ ತಿಂಡಿ ಆಫೀಸ್ ಕ್ಯಾಬ್ ಎಲ್ಲಾ ಆ ಎರಡೂವರೆ ಗಂಟೆಲೇ.

ಕನ್ನಡಿ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ. ಮಾಮೂಲಿ ಕನ್ನಡಿಲಿ ಬೆಳ್ಳಿ ಲೇಪನ ಗಾಜಿನ ಹಿಂದೆ ಇರುತ್ತೆ, ಅದಕ್ಕೆ ಗಾಜಿನ ಮುಂಭಾಗದಿಂದ ಒಂದು ಪೇಲವ ಚುಕ್ಕೆ, ಹಿಂಭಾಗದಿಂದ ಅಸಲಿ ಚುಕ್ಕೆ, ಎರಡೂ ಬೀಳ್ತವೆ. ಗಾಜಿನ ಎರಡು ಮುಖ ಒಂದಕ್ಕೊಂದು ಸರಿಯಾಗಿ ಸಮಾನಾಂತರ ಇಲ್ದಿದ್ರೆ ಎರಡು ಚುಕ್ಕೆ ದೂರ ದೂರ. ಮುಂದಿನ ಮುಖದಲ್ಲೇ ಲೇಪನ ಇರೋ ಕನ್ನಡಿ ಬೇಕು, ಟೆಲಿಸ್ಕೋಪಲ್ಲಿ ಇರುತ್ತೆ, ಬೆಲೆ ಕೇಳಿ ಸುಮ್ಮನಾದೆ. ಆಮೇಲೆ ಹೊಳೆದಿದ್ದು ಹಾರ್ಡ್ ಡಿಸ್ಕ್! ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್.ಪಿ. ರೋಡಲ್ಲಿ ಸತ್ತ ಹಾರ್ಡ್ ಡಿಸ್ಕ್ ಗುಡ್ಡೆ ಹಾಕಿ ಮಾರ್ತಾರೆ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕ್ ತಗೋಬೇಕು, ಅದರ ತಟ್ಟೆ ಸಾಮಾನ್ಯವಾಗಿ ಅಲ್ಯುಮಿನಿಯಮ್, ಲ್ಯಾಪ್‌ಟಾಪಿನ ಚಿಕ್ಕದರಲ್ಲಿ ಬಹಳಷ್ಟು ಸಲ ಗಾಜು, ಬಗ್ಗಿಸೋಕೆ ಹೋದ್ರೆ ಪುಡಿ ಪುಡಿ ಆಗಿ ಕಣ್ಣಿಗೆ ಹಾರುತ್ತೆ. ನಕ್ಷತ್ರದ ಬಾಯಿರೋ ಟಿ-8 ಬಿಟ್ ಒಂದಿದ್ರೆ ಮುಚ್ಚಳ ಬಿಚ್ಚಬಹುದು, ಲೇಬಲ್ ಕೆಳಗೆ ಒಂದು ಕಳ್ಳ ಸ್ಕ್ರೂ ಇರುತ್ತೆ ಮರೀಬೇಡಿ. ಒಳಗಿನ ತಟ್ಟೆ ನೋಡಿದ್ರೆ ಯಾವ ಬ್ಯೂಟಿ ಪಾರ್ಲರ್ ಕನ್ನಡಿಯೂ ಅದರ ಮುಂದೆ ನಿಲ್ಲಲ್ಲ, ಅಷ್ಟು ಸಮತಟ್ಟು, ಯಾಕಂದ್ರೆ ಡೇಟಾ ಓದೋ ರೀಡ್ ಹೆಡ್ಡು ಅದರ ಮೇಲೆ ಕೂದಲಿಗಿಂತ ಎಷ್ಟೋ ಕಮ್ಮಿ ಅಂತರದಲ್ಲಿ ತೇಲ್ತಾ ಓಡ್ಬೇಕಲ್ಲ. ಬೆರಳು ಮುಟ್ಟಿಸ್ಬೇಡಿ, ಎಣ್ಣೆ ಗುರುತು ಹೋಗೋದು ಕಷ್ಟ. ತಟ್ಟೆ ಪೂರ್ತಿ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ ಎಂಟು ಮಿಲಿಮೀಟರಿನ ಒಂದು ಕಿಂಡಿ ಬಿಟ್ಟೆ. ಕಿಂಡಿ ಚೌಕ ಇದ್ರೂ ಪರವಾಗಿಲ್ಲ, ಅಷ್ಟು ದೂರದಲ್ಲಿ ಬೀಳೋದು ಸೂರ್ಯನ ಬಿಂಬವೇ, ಅದಕ್ಕೆ ಅಂಚು ದುಂಡಗೇ ಬರುತ್ತೆ. 2019ರ ಡಿಸೆಂಬರ್ 26ರ ಗ್ರಹಣ ಬೆಂಗಳೂರಲ್ಲಿ ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ ಗರಿಷ್ಠ ಆಗಿತ್ತು, ಸರಿಯಾಗಿ ನನ್ನ ಗಡಿಯಾರದ ಹೊತ್ತು. ಆಗ ಇದು ಇದ್ದಿದ್ರೆ ಚುಕ್ಕೆ ಬದಲು ಸೀಲಿಂಗಲ್ಲಿ ಕುಡುಗೋಲು ಓಡಾಡ್ತಿತ್ತು, ಛೇ.

ಕನ್ನಡಿನ ಮಟ್ಟ ಮಾಡೋದು ದೊಡ್ಡ ತಲೆನೋವು. ಕನ್ನಡಿ ಒಂದು ಡಿಗ್ರಿ ವಾಲಿದ್ರೆ ಬೆಳಕು ಎರಡು ಡಿಗ್ರಿ ವಾಲುತ್ತೆ. ತಟ್ಟೆನ ಒಂದು ಮರದ ತುಂಡಿನ ಮೇಲೆ ಮೂರು ಸಣ್ಣ ಸ್ಕ್ರೂ ಕಾಲು ಮಾಡಿ ಕೂರಿಸಿದೀನಿ, ಒಂದು ಸ್ಕ್ರೂ ಒಂದೇ ಸುತ್ತು ತಿರುಗಿಸಿದ್ರೆ ಸೀಲಿಂಗಲ್ಲಿ ಚುಕ್ಕೆ ಏಳೆಂಟು ಸೆಂಟಿಮೀಟರ್ ಓಡೋಗುತ್ತೆ, ಅಂದ್ರೆ ನಾಲ್ಕು ನಿಮಿಷದಷ್ಟು. ಮೇಸ್ತ್ರಿಗಳ ರಸಮಟ್ಟ ಈ ಕೆಲಸಕ್ಕೆ ಸಾಲಲ್ಲ, ಮೊಬೈಲ್ ಆಪ್ ಅಂತೂ ಬಿಡಿ. ಜಗತ್ತಲ್ಲಿ ತಂತಾನೇ ಮಟ್ಟ ಆಗೋ ಕನ್ನಡಿ ಅಂದ್ರೆ ನಿಂತ ನೀರು. ಆದ್ರೆ ಸ್ಟೀಲ್ ತಟ್ಟೆಲಿ ನೀರು ಹಾಕಿದ್ರೆ ತಳದ ಹೊಳಪೂ ಸೇರಿ ಎಲ್ಲಾ ಕಲಸುಮೇಲೋಗರ, ಅದಕ್ಕೆ ಕಪ್ಪು ದ್ರವ ಬೇಕು. ನಮ್ಮನೇಲಿ ಕಪ್ಪು ದ್ರವ ಅಂದ್ರೆ ಡಿಕಾಕ್ಷನ್ನೇ. ರಾತ್ರಿ ಉಳಿದ ಡಿಕಾಕ್ಷನ್‌ಗೆ ನೀರು ಬೆರೆಸಿ ತಟ್ಟೆಗೆ ಸುರಿದು, ಫ್ಯಾನ್ ಆಫ್ ಮಾಡಿ, ಪರದೆ ಎಳೆದು ಒಂದು ಸೀಳು ಮಾತ್ರ ಬಿಟ್ಟು, ಮೇಲೆ ತೂತಿರೋ ರಟ್ಟು ಮುಚ್ಚಿದೆ. ಬಿಸಿಲಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಅದರಿಂದ ವಾಪಸ್ ಹೋಗೋದು, ಆದ್ರೂ ಕತ್ತಲೆ ರೂಮಲ್ಲಿ ಮೆಲ್ಲಗೆ ನಡುಗೋ ಒಂದು ಚುಕ್ಕೆ ಕಾಣುತ್ತೆ, ಕೆಳಗೆ ರೋಡಲ್ಲಿ ವಾಟರ್ ಟ್ಯಾಂಕರ್ ಹೋದ್ರೆ ಚುಕ್ಕೆ ತುಂಬಾ ಅಲೆ ಅಲೆ. ಅದು ನಿಂತ ಮೇಲೆ ಅಳತೆ. ರಟ್ಟಿನ ತೂತು ಕನ್ನಡಿ ಕಿಂಡಿಯಿಂದ ಎಷ್ಟು ದೂರ ಇದ್ಯೋ ಸೀಲಿಂಗಲ್ಲೂ ಎರಡು ಚುಕ್ಕೆ ನಡುವೆ ಅಷ್ಟೇ ದೂರ, ಅದೇ ದಿಕ್ಕಲ್ಲಿ ಇರ್ಬೇಕು. ಹಾಗಾಗೋ ತನಕ ಸ್ಕ್ರೂ ತಿರುಗಿಸ್ತಾ ಕೂತ್ಕೋಬೇಕು, ಇಬ್ಬರಿದ್ರೆ ಒಳ್ಳೇದು, ಒಬ್ಬರು ಮಂಚದ ಮೇಲೆ ಸ್ಟೂಲ್ ಹತ್ತಿ ಟೇಪ್ ಹಿಡಿದು "ಇನ್ನೂ, ಇನ್ನೂ, ಸಾಕ್ ಸಾಕ್" ಅನ್ನೋಕೆ.

ದಿಕ್ಕು ಹಿಡಿಯೋಕೆ ಫೋನಿನ ದಿಕ್ಸೂಚಿ ನಂಬ್ಬೇಡಿ, ಪಿಲ್ಲರ್ ಒಳಗಿನ ಕಬ್ಬಿಣ ಅದರ ತಲೆ ಕೆಡಿಸುತ್ತೆ. ಸೂರ್ಯನನ್ನೇ ಕೇಳೋದು ಸುಲಭ. ಯಾವುದೋ ಒಂದು ನಿಮಿಷದಲ್ಲಿ ಚುಕ್ಕೆ ಎಲ್ಲಿದೆ ಅಂತ ಗುರುತು ಮಾಡಿ, ಆ ನಿಮಿಷಕ್ಕೆ ಸೂರ್ಯ ಯಾವ ದಿಕ್ಕಲ್ಲಿದ್ದ ಅಂತ ಲೆಕ್ಕ ಹಾಕಿದ್ರೆ ಗೋಡೆ ಎಷ್ಟು ತಿರುಗಿದೆ ಗೊತ್ತಾಗುತ್ತೆ. ಬ್ರೋಕರ್ "ಪಕ್ಕಾ ಈಸ್ಟ್ ಫೇಸಿಂಗ್ ಸಾರ್, ವಾಸ್ತು ಪ್ರಕಾರ" ಅಂದಿದ್ದ ಮನೆ ಸೂರ್ಯನ ಪ್ರಕಾರ ಏಳು ಡಿಗ್ರಿ ಉತ್ತರಕ್ಕೆ ತಿರುಗಿಕೊಂಡಿದೆ.

ಇನ್ನು ಅಸಲಿ ವಿಷಯ, ಸೂರ್ಯನ ಟೈಮಿಗೂ ಮೊಬೈಲ್ ಟೈಮಿಗೂ ಜಗಳ. ನಮ್ಮ ಗಡಿಯಾರಗಳೆಲ್ಲ 82.5 ಡಿಗ್ರಿ ರೇಖಾಂಶದ್ದು, ಅದು ಹೋಗೋದು ಅಲಹಾಬಾದ್ (ಈಗಿನ ಪ್ರಯಾಗ್‌ರಾಜ್) ಹತ್ರ, ಬೆಂಗಳೂರು ಇರೋದು 77.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಾವು ಸುಮಾರು ಇಪ್ಪತ್ತು ನಿಮಿಷ ಹಿಂದೆ. ಇದು ಯಾವಾಗಲೂ ಒಂದೇ ಇರೋದ್ರಿಂದ ತೊಂದ್ರೆ ಇಲ್ಲ. ತೊಂದ್ರೆ ಇರೋದು ಇನ್ನೊಂದರಲ್ಲಿ. ಭೂಮಿ ಸುತ್ತೋ ದಾರಿ ಪೂರ್ತಿ ದುಂಡಗಿಲ್ಲ, ಅಕ್ಷ 23.4 ಡಿಗ್ರಿ ವಾಲಿದೆ, ಇವೆರಡೂ ಸೇರಿ ಸೂರ್ಯ ಫೆಬ್ರವರಿಲಿ ಹದಿನಾಲ್ಕು ನಿಮಿಷ ಲೇಟು, ನವೆಂಬರ್ ಶುರುವಲ್ಲಿ ಹದಿನಾರು ನಿಮಿಷ ಮುಂಚೆ. ಬೆಂಗಳೂರಲ್ಲಿ ನಿಜವಾದ ನಡುಮಧ್ಯಾಹ್ನ ನವೆಂಬರಲ್ಲಿ 12:03ಕ್ಕೇ ಆಗೋಗುತ್ತೆ, ಫೆಬ್ರವರಿಲಿ 12:34ರ ತನಕ ಕಾಯಿಸುತ್ತೆ.

ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನ ಗೊತ್ತಲ್ಲ, ಸಂಕ್ರಾಂತಿ ಸಂಜೆ ಬಿಸಿಲು ನಂದಿ ಕೊಂಬಿನ ನಡುವೆ ತೂರಿ ಲಿಂಗದ ತನಕ ಹೋಗುತ್ತೆ, ಟೀವಿಯವರೆಲ್ಲ ಕ್ಯಾಮೆರಾ ಹಿಡ್ಕೊಂಡು ಕಾಯ್ತಾರೆ. ಆದ್ರೆ ಜನವರಿ 14ಕ್ಕೆ ಸೂರ್ಯ ಆಕಾಶದಲ್ಲಿ ಯಾವ ಹಾದಿ ಹಿಡೀತಾನೋ ನವೆಂಬರ್ 28ರ ಸುಮಾರಿಗೂ ಅದೇ ಹಾದಿ, ಒಂದು ಸಲ ದಕ್ಷಿಣಕ್ಕೆ ಹೋಗುವಾಗ, ಇನ್ನೊಂದು ಸಲ ವಾಪಸ್ ಬರುವಾಗ. ಅಂದ್ರೆ ಆ ಬೆಳಕು ನವೆಂಬರ್ ಕೊನೇಲೂ ಒಳಗೆ ಬರೋ ಹಾಗೇ ಇದೆ, ಆವತ್ತು ಕ್ಯಾಮೆರಾ ಇರಲ್ಲ ಅಷ್ಟೇ. ನನ್ನ ಸೀಲಿಂಗಿಗೂ ಇದೇ ಫಜೀತಿ. ಆ ಎರಡೂ ದಿನ ಚುಕ್ಕೆ ಒಂದೇ ಗೆರೆ ಮೇಲೆ ಓಡುತ್ತೆ, ಆದ್ರೆ ನವೆಂಬರಲ್ಲಿ ಸೂರ್ಯ ಹನ್ನೆರಡು ನಿಮಿಷ ಮುಂಚೆ, ಜನವರಿಲಿ ಒಂಬತ್ತು ನಿಮಿಷ ಲೇಟು, ಹಾಗಾಗಿ ಒಂಬತ್ತು ಗಂಟೆ ಅನ್ನೋ ಜಾಗ ಎರಡು ದಿನಕ್ಕೆ ಅರ್ಧ ಮೀಟರ್ ಆಚೀಚೆ! ಒಂದೇ ಗೆರೆ ಎಳೆದು ವರ್ಷಪೂರ್ತಿ ಟೈಮ್ ಹೇಳೋಕೆ ಆಗೋದೇ ಇಲ್ಲ. ದಿನಾ ಒಂಬತ್ತಕ್ಕೆ ಸರಿಯಾಗಿ ಚುಕ್ಕೆ ಗುರುತು ಮಾಡ್ತಾ ಹೋದ್ರೆ ವರ್ಷದ ಕೊನೇಲಿ ಸೀಲಿಂಗಲ್ಲಿ ಎಳೆದು ಉದ್ದ ಮಾಡಿದ ಇಂಗ್ಲಿಷಿನ ಎಂಟು ಬರುತ್ತೆ.

ಅದಕ್ಕೆ ಎಂಟನ್ನ ಎರಡು ಸೀಳು ಮಾಡಿದೆ. ಉತ್ತರಾಯಣಕ್ಕೆ ಹಸಿರು ದಾರ, ದಕ್ಷಿಣಾಯನಕ್ಕೆ ಕೆಂಪು. ಪಂಚಾಂಗದ ಉತ್ತರಾಯಣ ಅಲ್ಲ ಮತ್ತೆ, ಸೂರ್ಯ ನಿಜವಾಗಲೂ ತಿರುಗೋದು ಡಿಸೆಂಬರ್ 21-22ಕ್ಕೆ, ಸಂಕ್ರಾಂತಿಗೆ ಮೂರು ವಾರಕ್ಕೂ ಮುಂಚೆ. ಡಿಸೆಂಬರಿಂದ ಜೂನ್ ತನಕ ಹಸಿರು ನೋಡಿ, ಜೂನಿಂದ ಡಿಸೆಂಬರ್ ತನಕ ಕೆಂಪು ನೋಡಿ, ಇಷ್ಟೇ ಸೂಚನೆ. ಕೈಲಿ ತಿದ್ದುಪಡಿ ಪಟ್ಟಿ ಹಿಡ್ಕೊಂಡು ಕೂಡಿಸಿ ಕಳೆಯೋ ಗೋಜು ಬೇಡ ಅನ್ನೋದೇ ನನ್ನ ಹಠ ಆಗಿತ್ತು. ಪೈಥಾನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದು ಅರ್ಧರ್ಧ ಗಂಟೆಗೊಂದು ಗೆರೆ, ಒಂದೊಂದು ಗೆರೆಗೂ ಹದಿನೈದು ದಿನಕ್ಕೊಂದು ಬಿಂದು, ಗೋಡೆಯಿಂದ ಇಷ್ಟು ಸೆಂಟಿಮೀಟರ್ ಅಂತ ಪಟ್ಟಿ ತೆಗೆದೆ, ಮಾಸ್ಕಿಂಗ್ ಟೇಪಲ್ಲಿ ದಾರ ಅಂಟಿಸ್ತಾ ಹೋದೆ. ಮೊಳೆ ಹೊಡಿಯೋ ಹಾಗಿಲ್ಲ, ಅಡ್ವಾನ್ಸ್ ವಾಪಸ್ ಬರ್ಬೇಕು.

ಅಳತೆ ಬಗ್ಗೆ ಹೇಳ್ತೀನಿ, ಮಾಡೋರಿಗೆ ಬೇಕಾಗುತ್ತೆ. ನಮ್ಮ ರೂಮು ಹತ್ತಡಿಗೆ ಹನ್ನೆರಡಡಿ, ಕನ್ನಡಿಯಿಂದ ಸೀಲಿಂಗಿಗೆ ಎರಡು ಮೀಟರ್. ಮಾರ್ಚ್ 21ಕ್ಕೆ ಎಂಟೂವರೆಗೆ ಚುಕ್ಕೆ ಎದುರು ಗೋಡೆ ಸೀಲಿಂಗ್ ಸೇರೋ ಮೂಲೆಲಿ, ಒಂಬತ್ತೂವರೆಗೆ ಕಿಟಕಿಯಿಂದ ಎರಡು ಮೀಟರಲ್ಲಿ, ಹತ್ತೂವರೆಗೆ ಒಂದೂಕಾಲು ಮೀಟರಿಗಿಂತ ಹತ್ರ. ಶುರುವಲ್ಲಿ ನಿಮಿಷಕ್ಕೆ ಮೂರೂವರೆ ಸೆಂಟಿಮೀಟರ್ ಓಡೋ ಚುಕ್ಕೆ ಕೊನೆಗೆ ಒಂದು ಸೆಂಟಿಮೀಟರ್ ಚಿಲ್ಲರೆಗೆ ಇಳಿಯುತ್ತೆ, ನಮ್ಮ ಬೆಳಗಿನ ಅವಸರದ ಉಲ್ಟಾ. ಎಂಟೂವರೆಗೆ ಮಂಚದಲ್ಲಿ ಮಲಗಿ ನೋಡಿದ್ರೆ ಅದು ಸರಿಯೋದು ಕಣ್ಣಿಗೇ ಕಾಣುತ್ತೆ. ವರ್ಷದಲ್ಲಿ ಒಂಬತ್ತರ ಹೊತ್ತಿನ ಚುಕ್ಕೆ ಉತ್ತರ ದಕ್ಷಿಣಕ್ಕೆ ಎಂಟೂವರೆ ಅಡಿಗೂ ಮೇಲೆ ಹರಡ್ಕೊಳ್ಳುತ್ತೆ, ಜೂನಲ್ಲಿ ದಕ್ಷಿಣಕ್ಕೆ ಸ್ವಲ್ಪ, ಡಿಸೆಂಬರಲ್ಲಿ ಉತ್ತರಕ್ಕೆ ಬಹಳ, ಅದಕ್ಕೆ ಕನ್ನಡಿನ ಕಿಟಕಿ ಮಧ್ಯ ಇಡದೆ ದಕ್ಷಿಣದ ಮೂಲೆಗೆ ಇಡ್ಬೇಕು. ಆದ್ರೂ ಡಿಸೆಂಬರಿನ ಎಂಟೂವರೆ ಸೀಲಿಂಗಲ್ಲಿ ಹಿಡಿಸಲ್ಲ, ಲಾಫ್ಟ್ ಬಾಗಿಲ ಮೇಲೆ ಬೀಳುತ್ತೆ, ಅಲ್ಲಿ ದಾರದ ಬದಲು ರೇಡಿಯಂ ಸ್ಟಿಕ್ಕರ್.

ಒಂದು ಮಜಾ ಅಂದ್ರೆ, ತಿದ್ದುಪಡಿ ಎಲ್ಲಾ ಬಿಟ್ಟು ಬರೀ ಸೂರ್ಯನ ಟೈಮಿನ ಗೆರೆ ಎಳೆದ್ರೆ ಅವೆಲ್ಲ ನೇರ ಗೆರೆ, ಮುಂದುವರಿಸಿದ್ರೆ ಒಂದೇ ಬಿಂದುವಲ್ಲಿ ಸೇರ್ತವೆ. ಆ ಬಿಂದು ಎಲ್ಲಿದೆ ಅನ್ನೋದು ನಿಮ್ಮ ಅಕ್ಷಾಂಶದ ಮೇಲೆ. ಲಂಡನ್ನಲ್ಲಿ ಇದೇ ರೂಮಿದ್ದಿದ್ರೆ ಕನ್ನಡಿಯಿಂದ ಒಂದೂವರೆ ಮೀಟರ್ ದಕ್ಷಿಣಕ್ಕೇ ಸೇರ್ತಿದ್ವು. 13 ಡಿಗ್ರಿಲಿ ಎಂಟೂ ಮುಕ್ಕಾಲು ಮೀಟರ್ ದೂರ, ಅಂದ್ರೆ ಗೋಡೆ ಆಚೆ ಪಕ್ಕದ ಫ್ಲ್ಯಾಟಿನ ಅಡುಗೆಮನೆ ಸೀಲಿಂಗಲ್ಲಿ. ಹಾಗಾಗಿ ನಮ್ಮ ರೂಮಲ್ಲಿ ಗೆರೆಗಳು ಹೆಚ್ಚು ಕಮ್ಮಿ ಸಮಾನಾಂತರವಾಗೇ ಕಾಣ್ತವೆ. ಪಕ್ಕದ ಮನೆ ಆಂಟಿಗೆ ಇದನ್ನ ಹೇಳಿದೆ, ಅಲ್ಲೇನಾದ್ರೂ ಲೀಕೇಜ್ ಆಗುತ್ತಾ ಅಂತ ಕೇಳಿದ್ರು.

ಎಷ್ಟು ಕರಾರುವಾಕ್ಕು ಅಂತ ಕೇಳ್ಬೇಡಿ ಅಂದ್ರೂ ಕೇಳ್ತೀರ. ಸೂರ್ಯನ ತಟ್ಟೆನೇ ಅರ್ಧ ಡಿಗ್ರಿ ಅಗಲ, ಅದು ತನ್ನಷ್ಟೇ ಅಗಲ ಸರಿಯೋಕೆ ಎರಡು ನಿಮಿಷ ಬೇಕು, ಹಾಗಾಗಿ ಚುಕ್ಕೆಯ ನಡುಬಿಂದು ಕಣ್ಣಂದಾಜಲ್ಲಿ ಹಿಡಿಯೋದೇ ಆಟ. ಮೋಡ ಇಲ್ಲದ ದಿನ ಅರ್ಧ ನಿಮಿಷ ಆಚೀಚೆ ಓದ್ಬಹುದು. ಜೈಪುರದ ಸಾಮ್ರಾಟ್ ಯಂತ್ರ ಅನ್ನೋ ದೈತ್ಯ ನೆರಳು ಗಡಿಯಾರ 27 ಮೀಟರ್ ಎತ್ತರ, ಎರಡು ಸೆಕೆಂಡ್ ತನಕ ಓದ್ಬಹುದು ಅಂತಾರೆ, ಅದರ ಮುಂದೆ ನಮ್ದೇನಿಲ್ಲ, ಆದ್ರೆ ಅದಕ್ಕೆ ಮಹಾರಾಜ ಆಗಿರ್ಬೇಕು. ನಮ್ಮಲ್ಲಿ ಮುಖ್ಯ ಶತ್ರು ಸೀಲಿಂಗ್ ಫ್ಯಾನು. ಒಂಬತ್ತು ದಾಟಿದ ಮೇಲೆ ಬೆಳಕು ರೆಕ್ಕೆಗಳ ಮಧ್ಯದಿಂದಲೇ ಹಾದು ಹೋಗ್ಬೇಕು, ಫ್ಯಾನ್ ಓಡ್ತಿದ್ರೆ ಚುಕ್ಕೆ ಪಟಪಟ ಅಂತ ಮಿನುಗಿ ತಲೆನೋವು ಬರ್ಸುತ್ತೆ, ನಿಂತಿದ್ರೆ ರೆಕ್ಕೆ ಸರಿಯಾಗಿ ಅಡ್ಡ ನಿಂತು ಟೈಮೇ ಮಾಯ. ಗ್ರಿಲ್ ಸರಳೂ ಕೆಲವು ನಿಮಿಷ ನುಂಗುತ್ತೆ. ಜೂನಿಂದ ಸೆಪ್ಟೆಂಬರ್ ಮೋಡ ಅಂತೂ ಕೇಳೋದೇ ಬೇಡ, ಕೆಂಪು ದಾರಕ್ಕೆ ಮೊದಲ ಅರ್ಧ ಕೆಲಸವೇ ಇಲ್ಲ. ಮನೇಲಿ ಚಿಕ್ಕ ಮಕ್ಕಳಿದ್ರೆ ಕನ್ನಡಿ ಕಣ್ಣಿನ ಮಟ್ಟಕ್ಕೆ ಬಾರದ ಹಾಗೆ ಒಂದು ರಟ್ಟಿನ ಗೋಡೆ ಕಟ್ಟಿ, ಅದರಲ್ಲಿ ಕಾಣೋದು ಪೂರ್ತಿ ಸೂರ್ಯ, ಚಿಕ್ಕದು ಅಂತ ಸದರ ಬೇಡ.

ಬೇರೆ ಊರಲ್ಲಿದ್ರೆ ಬದಲಾಯಿಸ್ಬೇಕಾಗಿರೋದು ಎರಡೇ ಸಂಖ್ಯೆ. ಬೆಂಗಳೂರಿನ ಇಪ್ಪತ್ತು ನಿಮಿಷದ ಬದಲು ಮೈಸೂರಿಗೆ 23, ಧಾರವಾಡಕ್ಕೆ 30, ಮಂಗಳೂರಿಗೆ ಮೂವತ್ತೂವರೆ, ಬೆಳಗಾವಿಗೆ 32. ಅಕ್ಷಾಂಶ ಕಲಬುರಗಿಗೆ 17.3, ಅಲ್ಲಿ ಗೆರೆ ಸೇರೋ ಬಿಂದು ಇನ್ನೂ ಹತ್ರ ಬರುತ್ತೆ, ಸುಮಾರು ಆರೂವರೆ ಮೀಟರ್. ಪಶ್ಚಿಮದ ಕಿಟಕಿ ಮಾತ್ರ ಇರೋರು ಇದನ್ನೇ ಎಡಬಲ ತಿರುಗಿಸಿ ಸಂಜೆ ಗಡಿಯಾರ ಮಾಡ್ಕೋಬಹುದು, ಆದ್ರೆ ಬೆಂಗಳೂರಲ್ಲಿ ಏಪ್ರಿಲ್ ಮೇ ಸಂಜೆ ಮೋಡ ಕಟ್ಟೋದು ಜಾಸ್ತಿ, ಆ ಲೆಕ್ಕದಲ್ಲಿ ಪೂರ್ವವೇ ವಾಸಿ. ಉತ್ತರದ ಕಿಟಕಿ ಮಾತ್ರ ಇದ್ರೆ ಮುಖ್ಯವಾಗಿ ಮೇ ಜೂನ್ ಜುಲೈಲಿ ಬಿಸಿಲು ಬರುತ್ತೆ, ಅದರಲ್ಲೂ ಬೆಳಿಗ್ಗೆ ಸಂಜೆ ಓರೆಯಾಗಿ, ಮಧ್ಯಾಹ್ನ ಸಜ್ಜ ಬಿಡಲ್ಲ. ಅಂಥ ರೂಮಿಗೆ ಅಂಗಡಿ ಗಡಿಯಾರವೇ ಸರಿ.